ಹಸಿರು ನೂಲಿನ ವೈರು

ಗಂಡ ಸತ್ತ ದುಃಖದಲ್ಲಿ ಏನೇನೋ ಕೇಳಿಸಿರಬೇಕು ಎಂದು ನೀವೂ ಅನ್ನಬಹುದು. ನಮ್ಮ ಮನೆಯ ಮಂದಿಯೂ ಹಾಗೇ ಅಂದರು. ಆದರೆ ಆ ರಾತ್ರಿ ನನಗೆ ನಿದ್ದೆಗಣ್ಣಿರಲಿಲ್ಲ, ಜ್ವರವೂ ಇರಲಿಲ್ಲ. ಕೇಳಿದ್ದನ್ನಷ್ಟೇ ಬರೆಯುತ್ತೇನೆ.

ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಮದುವೆ ವಿಡಿಯೋ ಅಂಗಡಿ. ಶೂಟಿಂಗ್ ನನ್ನ ಗಂಡನ ಗೆಳೆಯ ದಾದಾಪೀರನದು, ಅದನ್ನು ಕತ್ತರಿಸಿ ಜೋಡಿಸಿ ಹಾಡು ಕೂಡಿಸುವ ಮಿಕ್ಸಿಂಗ್ ನಾವು ಗಂಡ ಹೆಂಡತಿ ಮಾಡುತ್ತಿದ್ದೆವು. ಒಂದು ಕಂಪ್ಯೂಟರಿಗೆ ಎರಡು ಮಾನಿಟರ್, ಮೇಜಿನ ಮೇಲೆ ಸ್ಪೀಕರ್, ಗೋಡೆಯ ಮೊಳೆಗೆ ಹೆಡ್‌ಫೋನ್. ಕರೆಂಟ್ ಹೋಗಿ ಬಂದರೆ ಯಾವ ಪರದೆ ಒಂದು, ಯಾವುದು ಎರಡು ಎಂಬುದೇ ಅದಲುಬದಲಾಗುತ್ತಿತ್ತು. ನಾನು ನೇಕಾರರ ಮನೆಯವಳು. ಪ್ರತಿ ವೈರಿನ ಎರಡೂ ತುದಿಗೆ ಒಂದೊಂದು ಬಣ್ಣದ ಸೀರೆ ನೂಲು ಕಟ್ಟಿದ್ದೆ. ಹೆಡ್‌ಫೋನಿಗೆ ಹಸಿರು.

ನನ್ನ ಗಂಡ ತೀರಿಕೊಳ್ಳುವ ಹಿಂದಿನ ದಿನ, ಮಂಗಳವಾರ ಸಂಜೆಯೂ ಅದೇ ಗೋಳು. ಅವರು ನಗುತ್ತಿದ್ದರು.

"ಈ ಡಬ್ಬಿಗೆ ಎಡಾ ಬಲಾ ಗೊತ್ತಾಗಂಗಿಲ್ಲ ನೋಡು."

"ಮೊದಲ ನಿಮ್ಮ ಚಪ್ಪಲಿ ನೋಡ್ಕೋರಿ."

ಮರುದಿನ ರೋಣದ ಬಸ್ಸಿನಲ್ಲಿ ಎದೆ ಹಿಡಿದುಕೊಂಡವರು ದವಾಖಾನೆ ಮುಟ್ಟಲಿಲ್ಲ. ಒಂದು ಸುಳಿವೂ ಇರಲಿಲ್ಲವಲ್ಲ ಎಂದು ಎಲ್ಲರೂ ಅಂದರು. ದಾದಾಪೀರನೂ ಅಂದ.

ತಿಂಗಳು ಕಳೆದಿತ್ತು. ನರೇಗಲ್ಲಿನ ಮದುವೆಯೊಂದರ ಸಿಡಿ ಬಾಕಿ ಇತ್ತು. ಒಬ್ಬಳೇ ಕೂತಿದ್ದೆ. ರಾತ್ರಿ ಎಂಟರ ಹೊತ್ತಿಗೆ ಕರೆಂಟ್ ಹೋಗಿ ಬಂತು.

ರೂಢಿಯಂತೆ ಪರದೆಗಳ ಗುರುತು ತೋರಿಸುವ ಬಟನ್ ಒತ್ತಿದೆ. ಒಂದರ ಮೇಲೆ ದೊಡ್ಡದಾಗಿ 1 ಮೂಡಿತು. ಇನ್ನೊಂದರ ಮೇಲೆ... 3.

ಮತ್ತೆ ಒತ್ತಿದೆ. ಒಂದು, ಮೂರು.

ಧ್ವನಿಯ ಪಟ್ಟಿ ತೆರೆದೆ. ಸ್ಪೀಕರ್, ಹೆಡ್‌ಫೋನ್... ಕೆಳಗೆ ಹೆಸರಿಲ್ಲದ ಖಾಲಿ ಸಾಲು. ನಾನೇ ಎಲ್ಲೋ ನೂಲು ತಪ್ಪಿ ಕಟ್ಟಿರಬೇಕೆಂದು ಮೇಜಿನ ಕೆಳಗೆ ಬಗ್ಗಿ ಹಸಿರು ನೂಲಿನ ವೈರು ಕಿತ್ತೆ. ಹೆಡ್‌ಫೋನಿನ ಹೆಸರು ಪಟ್ಟಿಯಿಂದ ಹೋಯಿತು. ಖಾಲಿ ಸಾಲು ಹೋಗಲಿಲ್ಲ. ಅದನ್ನೇ ಆರಿಸಿದೆ.

ಕಾದ ಧೂಳಿನ ವಾಸನೆ ಬಂತು. ಮೊಳೆಯ ಮೇಲಿನ ಹೆಡ್‌ಫೋನ್ ಗರಗರ ಅನ್ನತೊಡಗಿತು. ಕಿತ್ತ ತುದಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು...

ಕಿವಿಗಿಟ್ಟುಕೊಂಡೆ. ಬಸ್ಸಿನ ಹಾರ್ನ್, ಜನರ ಗದ್ದಲ. ನಡುವೆ ಅವರ ದನಿ, ಮೆತ್ತಗೆ:

"ಡಾಕ್ಟ್ರು ಭಾಳ ದಿನ ಇಲ್ಲಂದಾರ. ಆಕಿಗಿ ಹೇಳಬ್ಯಾಡ ದಾದಾ. ಆಕಿಗಿ ನಾನ..."

ಅಷ್ಟೇ.

ಬೆಳಿಗ್ಗೆ ದಾದಾಪೀರ ಅಂಗಡಿಗೆ ಬಂದ.

"ದಾದಾಪೀರಣ್ಣ, ಅವರ ಎದಿಬ್ಯಾನಿ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಯಾರ ಹೇಳಿದ್ರು ವೈನಿ?"

"ಅವರ ಹೇಳಿದ್ರು."

ಅವನು ಕುರ್ಚಿ ಎಳೆದು ಕೂತ. "ತೀರಕೊಳ್ಳೂ ನಾಕ ತಿಂಗಳ ಮೊದಲ, ಹುಬ್ಬಳ್ಳಿ ದವಾಖಾನಿಯಿಂದ ಬರೂಮುಂದ ಗದಗ ಸ್ಟ್ಯಾಂಡಿನ್ಯಾಗ ಹೇಳಿದ್ದ. ನಾವಿಬ್ರ ಇದ್ವಿ. ಕ್ಯಾಮೆರಾ ಸುದ್ದಾ ಇರಲಿಲ್ಲ... ಆಣಿ ಮಾಡಿಸ್ಕೊಂಡಿದ್ದ, ವೈನಿ."

"ನಾಕ ತಿಂಗಳ ಇಲ್ಲೇ ಕುಂತು ನಾ ಕೊಟ್ಟ ಚಾ ಕುಡದ್ರಿ. ಇಬ್ರೂ ಕೂಡಿ."

ಅವನು ಎದ್ದು ಬಾಗಿಲ ಕಡೆ ಹೊರಟ.

"'ಆಕಿಗಿ ನಾನ' ಅಂದ್ರು. ಮುಂದೇನಂದ್ರು?"

"ಅಷ್ಟರಾಗ ಬಸ್ ಬಂತ್ರಿ... ನೆನಪಿಲ್ಲ."

ನೆನಪಿಲ್ಲವೋ, ಇನ್ನೂ ಮುಚ್ಚಿಡುತ್ತಿದ್ದಾನೋ ತಿಳಿಯದು. ಕರೆಂಟ್ ಹೋಗಿ ಬಂದಾಗಲೆಲ್ಲ ಬಟನ್ ಒತ್ತಿ ನೋಡುತ್ತೇನೆ. ಒಂದು, ಎರಡು. ಪಟ್ಟಿಯಲ್ಲಿ ಸ್ಪೀಕರ್, ಹೆಡ್‌ಫೋನ್ ಮಾತ್ರ.

ಅವರು ನನ್ನ ಬಗ್ಗೆ ಆಡಿದ ಆ ಮಾತಿನ ಉಳಿದರ್ಧ ನನಗೆ ಸಿಕ್ಕಿಲ್ಲ.