ಎದುರು ಮಗ್ಗದ ಮಾತು

ಖಟಾಖಟ್, ಖಟಾಖಟ್. ಗೋಡೆಯಾಚೆ ನಲವತ್ತು ಮಗ್ಗಗಳು ಒಟ್ಟಿಗೆ ಓಡುತ್ತಿದ್ದವು. ಈಚೆ, ಬಟ್ಟೆ ತಪಾಸಣೆಯ ಕೋಣೆಯಲ್ಲಿ, ಆ ಸದ್ದು ಪಕ್ಕದ ಮನೆಯ ಜಗಳದಂತೆ ಕೇಳಿಸುತ್ತಿತ್ತು. ಏರಿಳಿತ ಗೊತ್ತಾಗುತ್ತದೆ, ವಿಷಯ ಗೊತ್ತಾಗುವುದಿಲ್ಲ. ಎಲ್ಲರೂ ರೇಡಿಯೋ ಎಂದು ಕರೆಯುವ ಹೆಂಗಸು ಕೈಯಲ್ಲಿ ಸೀಮೆಸುಣ್ಣ ಹಿಡಿದು, ಮೇಜಿನ ಮೇಲೆ ಸರಿಯುವ ಬಟ್ಟೆಯಲ್ಲಿ ಎಳೆ ತಪ್ಪಿದ ಜಾಗ ಹುಡುಕುತ್ತಿದ್ದಳು.

ರೇಡಿಯೋ ಎಂಬ ಹೆಸರು ಮಗ್ಗದ ಶೆಡ್ಡಿನಲ್ಲಿ ಬಿದ್ದದ್ದು. ಅಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಎಲ್ಲರೂ ತುಟಿ, ಹುಬ್ಬು, ಬೆರಳುಗಳಿಂದಲೇ ಮಾತಾಡುತ್ತಾರೆ. ಯಾರಿಗೆ ಮಗುವಾಯಿತು, ಮೇಸ್ತ್ರಿಯ ಮೂಗಿನ ತುದಿಯ ಕೋಪ ಇವತ್ತು ಎಷ್ಟಿದೆ, ಎಲ್ಲವನ್ನೂ ಇವಳು ಟೀ ಗಂಟೆಗೆ ಮೊದಲೇ ಶೆಡ್ಡಿನ ಆ ತುದಿಗೆ ಮುಟ್ಟಿಸುತ್ತಿದ್ದಳು. ಮನೆಯಲ್ಲೂ ಅದೇ ಚಾಳಿ. ಒಲೆಯ ಮುಂದಿನಿಂದ ಬರೀ ತುಟಿ ಆಡಿಸಿದರೆ ಗಂಡ ಹೇಳುತ್ತಿದ್ದ: "ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡೇ. ನೀನು ಬೈಯೋದನ್ನ ಬರೀ ನೋಡೋದೇ ಆಯ್ತು, ಒಂದಿನಾನೂ ಕೇಳಿಲ್ಲ."

ಹತ್ತೊಂಬತ್ತು ವರ್ಷ ಅವಳ ಎದುರಿನ ಮಗ್ಗದಲ್ಲಿ ನಿಂತವಳು ಒಬ್ಬಳೇ. ಆರು ವರ್ಷ ಚಿಕ್ಕವಳು, 'ಅಕ್ಕಾ' ಎನ್ನುವವಳು. ಒಬ್ಬಳು ಊಟಕ್ಕೆ ಹೋದರೆ ಇನ್ನೊಬ್ಬಳು ಅವಳ ಮಗ್ಗ ನೋಡಿಕೊಳ್ಳಬೇಕು. ಗೇಟಿನ ಹೊರಗೆ ಇಬ್ಬರದೂ ಬೇರೆ ಬೇರೆ ಬಸ್ಸು. ಹಾಗಾಗಿ ಒಬ್ಬರ ಮನೆಯ ಸಂಗತಿಯೆಲ್ಲ ಇನ್ನೊಬ್ಬರಿಗೆ ಗೊತ್ತು, ದನಿ ಮಾತ್ರ ಹೆಚ್ಚು ಗೊತ್ತಿಲ್ಲ.

ಮೂರು ತಿಂಗಳ ಹಿಂದೆ ಮಿಲ್ಲಿನ ಡಾಕ್ಟರು ಪರೀಕ್ಷೆ ಮಾಡಿ, ಇಬ್ಬರ ಕಿವಿಯೂ ಮಂದವಾಗುತ್ತಿದೆ ಎಂದು ಈ ಕೋಣೆಗೆ ಕಳಿಸಿದರು. "ಇನ್ನೇನಕ್ಕಾ, ಬಾಯಿ ತುಂಬ ಮಾತಾಡಬಹುದು" ಎಂದಿದ್ದಳು ಗೆಳತಿ. ಅವಳ ದನಿ ಅಷ್ಟು ದಪ್ಪವೆಂದು ರೇಡಿಯೋಗೆ ಅಂದೇ ಗೊತ್ತಾಗಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಒಂದೇ ಮೇಜಿನ ಮುಂದೆ ಅಕ್ಕಪಕ್ಕದ ಸ್ಟೂಲು. ಎರಡು ವಾರದೊಳಗೆ ಮಾತು ಬತ್ತಿಹೋಯಿತು.

ಸೋಮವಾರ ಆಫೀಸಿನ ಗುಮಾಸ್ತ ಕೇಳಿದ: "ನಿನ್ನ ಜೊತೆಗಾತಿ ಪ್ಯಾಕಿಂಗಿಗೆ ಹಾಕಿ ಅಂತ ಅರ್ಜಿ ಕೊಟ್ಟಿದ್ದಾಳಲ್ಲ? ಶನಿವಾರ ಸಾಹೇಬರ ಸಹಿ ಬೀಳುತ್ತೆ. ಜಗಳ ಗಿಗಳ ಆಡಿದ್ರಾ?"

"ಜಗಳ ಆಡಿದ್ರೆ ಮಾತಾದ್ರೂ ಇರ್ತಿತ್ತು" ಎಂದಳು ರೇಡಿಯೋ.

ಪ್ಯಾಕಿಂಗ್ ಇದ್ದದ್ದು ಅಂಗಳದಾಚೆಯ ಬೇರೆ ಕಟ್ಟಡದಲ್ಲಿ. ಆ ರಾತ್ರಿ ರೇಡಿಯೋ ನೊಂದುಕೊಂಡಳು. ಮರುದಿನ ನೋವಿಗಿಂತ ಕುತೂಹಲವೇ ಹೆಚ್ಚಾಯಿತು. ಅಷ್ಟು ವರ್ಷದ ಮಾತು ಎಲ್ಲಿಗೆ ಹೋಯಿತು? ಬಟ್ಟೆಯಲ್ಲಿ ದೋಷ ಕಂಡರೆ ಅದು ಶುರುವಾದ ಜಾಗದವರೆಗೂ ಹಿಂದಕ್ಕೆ ಹೋಗಿ ನೋಡುವುದು ಅವಳ ಕೆಲಸವೇ ತಾನೆ?

ಬುಧವಾರ ಟೀ ಬಿಟ್ಟು, ಶೆಡ್ಡಿನ ಬಾಗಿಲ ಗಾಜಿಗೆ ಹಣೆ ಹಚ್ಚಿ ನಿಂತಳು. ಅವರ ಹಳೆಯ ಮಗ್ಗಗಳಲ್ಲಿ ಈಗ ಹೊಸ ಹೆಂಗಸರಿಬ್ಬರು. ಒಬ್ಬಳು ನಾದಿನಿಯ ಮೇಲಿನ ದೂರು ಹೇಳುತ್ತಿದ್ದಳು. ಅರ್ಧದಲ್ಲಿ ಎಳೆ ಕಡಿಯಿತು. ತಾಳು ಎಂಬಂತೆ ತೋರುಬೆರಳೆತ್ತಿ ತಿರುಗಿ ಹೋದಳು, ಗಂಟು ಹಾಕಿದಳು, ಬಂದಳು. ಎದುರಿನವಳ ಮುಖ ಬಿಟ್ಟ ಜಾಗದಲ್ಲೇ ಇತ್ತು. ನಾದಿನಿಯ ಕತೆಯೂ ಬಿಟ್ಟ ಜಾಗದಿಂದಲೇ ಮುಂದುವರಿಯಿತು. ಕಾಲು ಗಂಟೆಯಲ್ಲಿ ಏಳು ಸಲ ಹೀಗಾಯಿತು. ಯಾರಿಗೂ ಬೇಜಾರಿಲ್ಲ. ತಾನೂ ಹತ್ತೊಂಬತ್ತು ವರ್ಷ ಮಾಡಿದ್ದು ಅದನ್ನೇ, ನೋಡಿದ್ದು ಇವತ್ತೇ.

ಆಗ ತಪಾಸಣೆಯ ಕೋಣೆಗೆ ಬಂದ ಎರಡನೆಯ ವಾರದ ಒಂದು ಮಧ್ಯಾಹ್ನ ನೆನಪಾಯಿತು. "ನಮ್ಮಮ್ಮ ನನ್ನ ಗುರುತು ಹಿಡೀತಿಲ್ಲ ಅಕ್ಕಾ" ಎಂದಿದ್ದಳು ಗೆಳತಿ. ಮಂದ ಕಿವಿಗೆ ಕೇಳಿಸಲೆಂದು ಜೋರಾಗಿಯೇ ಹೇಳಿದ್ದಳು. ಕೋಣೆಯವರೆಲ್ಲ ತಿರುಗಿ ನೋಡಿದ್ದರು. ಮೇಲೆದ್ದು ಹೋಗಲು ಕಡಿದ ಎಳೆಯೊಂದೂ ಇರಲಿಲ್ಲ. ಆ ಮೌನ ತಡೆಯಲಾರದೆ ರೇಡಿಯೋ ತಕ್ಷಣ ಹೇಳಿಬಿಟ್ಟಿದ್ದಳು: "ಎಲ್ಲ ಸರಿಹೋಗುತ್ತೆ ಬಿಡು." ಗೆಳತಿ ಬಟ್ಟೆಯತ್ತ ಬಗ್ಗಿದವಳು ಮತ್ತೆ ಆ ಮಾತೆತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ರೇಡಿಯೋ ತನ್ನ ಸ್ಟೂಲನ್ನು ಮೇಜಿನ ಆಚೆ ಬದಿಗೆ ಎಳೆದುಕೊಂಡಳು.

"ಏನಮ್ಮಾ, ಬಟ್ಟೆ ತಲೆಕೆಳಗಾಗಿ ನೋಡ್ತೀಯಾ?" ಎಂದ ಮೇಸ್ತ್ರಿ.

"ತೂತು ಯಾವ ಕಡೆಯಿಂದ ನೋಡಿದ್ರೂ ತೂತೇ ಅಲ್ವಾ ಸಾರ್?"

ಅವನು ಗೊಣಗುತ್ತ ಹೋದ ಮೇಲೆ, ರೇಡಿಯೋ ಎದುರಿನವಳತ್ತ ದನಿಯಿಲ್ಲದೆ ತುಟಿ ಆಡಿಸಿದಳು: "ಅರ್ಜಿ ಯಾಕೆ ಕೊಟ್ಟೆ?"

ಗೆಳತಿ ಬೆಚ್ಚಿದಳು. ಬಟ್ಟೆ ನಾಲ್ಕು ಗಜ ಸರಿಯಿತು. ಆಮೇಲೆ ಅವಳ ತುಟಿಯೂ ಆಡಿತು. "ನಿನ್ನ ಪಕ್ಕ ಕೂತು ಸುಮ್ಮನಿರೋದಕ್ಕಿಂತ ದೂರ ಇದ್ದು ಸುಮ್ಮನಿರೋದು ವಾಸಿ ಅನ್ನಿಸ್ತು."

"ಅಮ್ಮ?"

"ನಿನ್ನೆ ನನ್ನೇ ಅವರಮ್ಮ ಅಂದ್ಕೊಂಡ್ರು. ಜಡೆ ಹಾಕು ಅಂತ ಬೆನ್ನು ತಿರುಗಿಸಿ ಕೂತ್ರು."

"ಹಾಕಿದ್ಯಾ?"

"ಹಾಕ್ದೆ. ಆಮೇಲೆ..." ತುಟಿ ನಿಂತಿತು.

ಎಲ್ಲ ಸರಿಹೋಗುತ್ತೆ ಎಂಬ ಮಾತು ಮತ್ತೆ ನಾಲಿಗೆಯ ತುದಿಗೆ ಬಂತು. ರೇಡಿಯೋ ಅದನ್ನು ನುಂಗಿಕೊಂಡಳು. ಅಷ್ಟರಲ್ಲಿ ಬಟ್ಟೆಯ ಸುರುಳಿ ಮುಗಿದು, ಖಾಲಿ ಮೇಜು ಬೆಳ್ಳಗೆ ಹೊಳೆಯಿತು. ಅವಳು ಎದ್ದು, ಎಳೆ ಕಡಿದಾಗಿನಂತೆ ತೋರುಬೆರಳೆತ್ತಿ ತೋರಿಸಿ, ಹೊಸ ಸುರುಳಿ ತರಲು ಹೊರಟಳು. ಕಪಾಟಿನ ಬಳಿ ತಿರುಗುವಾಗ ಒಮ್ಮೆ ಕಣ್ಣು ಹಾಯಿಸಿದಳು. ಗೆಳತಿಯ ಮುಖ ಬಿಟ್ಟ ಜಾಗದಲ್ಲೇ ಇತ್ತು, ತುಟಿ ಅರ್ಧ ತೆರೆದಿತ್ತು. ಮಾತು ತನಗಾಗಿ ಕಾದಿರುತ್ತದೆಂದು ಗೊತ್ತಿದ್ದ ರೇಡಿಯೋ ಅವಸರಪಡದೆ ಸುರುಳಿಗಳ ಸಾಲಿನ ಆ ತುದಿಯವರೆಗೂ ನಡೆದಳು.