ಹೊಳೆಯಾಚೆಯ ಮಂಗಗಳು

ನಮ್ಮ ಅಡುಗೆಮನೆಯಲ್ಲಿ ಪ್ರತಿ ಡಬ್ಬಿಗೂ ಒಂದು ಜಾಗವಿದೆ, ಒಂದು ಮುಚ್ಚಳವಿದೆ. ಕಾರ್ಖಾನೆಯ ಸೈರನ್ನಿಗೆ, ನಮ್ಮ ಮಾತಿನ ಭೋಂಗಾಕ್ಕೆ ಎದ್ದು, ಭೋಂಗಾಕ್ಕೆ ಉಂಡು ನಿವೃತ್ತನಾದವನ ಮನೆ ಇನ್ನು ಹೇಗಿದ್ದೀತು? ಆದರೆ ಈಗ ನೀವು ಬಂದರೆ, ಮೇಲಿನ ಹಲಗೆಯಲ್ಲಿ ಒಂದು ಸ್ಟೀಲಿನ ಡಬ್ಬಿ ಮುಚ್ಚಳವಿಲ್ಲದೆ, ತಲೆಯ ಮೇಲೆ ತಟ್ಟೆ ಹೊತ್ತು ಕೂತಿರುವುದು ಕಾಣುತ್ತದೆ. ಚಹಾಪುಡಿಗೆ ಕೈ ಚಾಚಿದಾಗಲೆಲ್ಲ ಅದರೊಳಗಿಂದ ತುಪ್ಪ, ಏಲಕ್ಕಿ, ಹುರಿದ ಶೇಂಗಾದ ವಾಸನೆ ಬರುತ್ತದೆ. ಅದರ ಹಿಂದೆಯೇ ತಂಗಿ ಕುಸುಮಾ ನೆನಪಿಗೆ ಬರುತ್ತಾಳೆ.

ಧಾರವಾಡದಿಂದ ಪುಣೆಗೆ ಮೊದಲು ಬಂದವನು ನಾನು. ಮದುವೆಯಾಗಿ ಅವಳು ಬಂದಳು. ನಾನು ಮುಠಾ ಹೊಳೆಯ ಈಚೆ, ಕೋಥರೂಡದಲ್ಲಿ. ಅವಳು ಆಚೆ, ಶನಿವಾರ ಪೇಠೆಯ ಹಳೆಯ ವಾಡೆಯ ಮಾಳಿಗೆಯಲ್ಲಿ, ಮರಾಠಿ ಮಾತಾಡುವ ತುಂಬಿದ ಮನೆಯಲ್ಲಿ. ಅಪ್ಪ, ಅವ್ವ ಹೋದ ಮೇಲೆ ನನ್ನ ಮನೆಯೇ ಅವಳಿಗೆ ತವರು. ನಾಗರಪಂಚಮಿಗೆ ಅಣ್ಣನಾದವನು ಹೋಗಿ ತಂಗಿಯನ್ನು ಕರೆತರಬೇಕು, ನಮ್ಮ ಕಡೆಯ ಪದ್ಧತಿ. ಸ್ಕೂಟರಿನಲ್ಲಿ ಹೋಗಿ, ಕೆಳಗೆ ನಿಂತು ಹಾರ್ನ್ ಹೊಡೆಯುತ್ತಿದ್ದೆ.

"ಬಂತು ನೋಡ್ರಿ ನಮ್ಮಣ್ಣನ ಭೋಂಗಾ!" ಎಂದು ಕೂಗುತ್ತ ಅವಳು ದಡದಡ ಇಳಿದು ಬರುತ್ತಿದ್ದಳು.

ಶ್ರಾವಣದಲ್ಲಿ ಅಣೆಕಟ್ಟಿನ ನೀರು ಬಿಟ್ಟು ಕೆಳಗಿನ ಸಣ್ಣ ಸೇತುವೆ ಮುಳುಗಿರುತ್ತದೆ. ದೊಡ್ಡ ಸೇತುವೆ ಸುತ್ತಿ ಬರುವಷ್ಟು ಹೊತ್ತೂ ನಮ್ಮ ಜಗಳ. ನಾನು ಅವ್ವನಂತೆ ಬೆಲ್ಲದ ಶೇಂಗಾ ಉಂಡಿಯವನು. ಅವಳು ವರ್ಷ ಕಳೆದಂತೆ ಸಕ್ಕರೆ, ತುಪ್ಪ, ಏಲಕ್ಕಿಗೆ ಹೊರಳಿದ್ದಳು.

"ಇದು ಉಂಡಿ ಅಲ್ಲ, ಲಾಡು," ಎನ್ನುತ್ತಿದ್ದೆ.

"ನಿಂದೂ ಉಂಡಿ ಅಲ್ಲಣ್ಣಾ, ಕ್ರಿಕೆಟ್ ಚೆಂಡು."

ವಯಸ್ಸಾಯಿತು, ಸ್ಕೂಟರ್ ಮಾರಿದೆ, ಕರೆಯುವುದು ಫೋನಿಗೆ ಬಂತು. ಮೊದಮೊದಲು ರಿಕ್ಷಾ ಮಾಡಿಕೊಂಡು ಬಂದಳು. ಆಮೇಲೆ ಪ್ರತಿ ಪಂಚಮಿಗೂ ಒಂದೇ ಉತ್ತರ: "ಹೊಳಿ ತುಂಬ್ಯಾದಲ್ಲಣ್ಣಾ, ಮುಂದಿನ ವರ್ಷ ನೋಡೂಣು."

ಈ ಪಂಚಮಿಗೂ ಅದೇ ಮಾತು ಕೇಳಿ, ಫೋನಿಟ್ಟು ಉಂಡಿ ಕಟ್ಟುತ್ತ ಕೂತಿದ್ದೆ. ಎದುರಿಗೆ ಪ್ರಾಣಿಶಾಸ್ತ್ರ ಓದುವ ಮೊಮ್ಮಗಳು ಅನಘಾ. ಅವಳ ಲ್ಯಾಪ್‌ಟಾಪಿನಲ್ಲಿ ಎರಡು ಮಂಗಗಳು, ಅಳಿಲಿಗಿಂತ ತುಸು ದೊಡ್ಡವು; ಒಂದಕ್ಕೆ ಬಿಳಿ ಮೀಸೆ, ಇನ್ನೊಂದಕ್ಕೆ ಕಪ್ಪು ಮುಖ.

"ಅಮೆಜಾನ್ ಕಾಡಿನವು ಅಜ್ಜಾ. ಇದು ಹೊಳಿ ಈ ದಂಡಿದು, ಇದು ಆ ದಂಡಿದು. ಮೂಲಕ್ಕ ಒಂದ ಮನಿ. ಸಣ್ಣ ಜೀವ, ಅಷ್ಟು ಅಗಲ ನೀರು ದಾಟೂದಿಲ್ಲ. ಲಕ್ಷಗಟ್ಟಲೆ ವರ್ಷ ಹಂಗ ಕಳದು ವಂಶವಾಹಿ ಬ್ಯಾರೆ ಆಗಿ, ಈಗ ಜಾತೀನ ಬ್ಯಾರೆ."

"ಒಂದನ್ನೊಂದು ಗುರುತು ಹಿಡಿಯೂದಿಲ್ಲೇನು?"

"ಗುರುತು ಹಿಡೀಲಿಕ್ಕೆ ಎದುರಿಗೆ ಬರಬೇಕಲ್ಲ ಅಜ್ಜಾ."

"ಅದಿರಲಿ, ಕುಸುಮಾ ಅಜ್ಜಿ ಮೊಮ್ಮಗ ನಿಖಿಲ್ ನಿಮ್ಮ ಕಾಲೇಜಿನಾಗ ಇದ್ದಾನಲ್ಲ, ಭೆಟ್ಟಿ ಆಗ್ತಾನೇನು?"

"ನಮ್ಮ ಕಾಲೇಜಿನಾಗ? ಹೆಂಗಿದ್ದಾನ ನೋಡ್ಲಿಕ್ಕೆ?"

ಅಮೆಜಾನಿನ ಮಂಗನ ಮೀಸೆ ಗೊತ್ತಿರುವ ಹುಡುಗಿ! ಕೈಯಲ್ಲಿದ್ದ ಉಂಡಿ ಒಡೆದು ಪುಡಿಯಾಯಿತು. ನಾನು, ಕುಸುಮಾ ಇರುವ ತನಕ ಫೋನಾದರೂ ಇದೆ. ಆಮೇಲೆ ಈ ದಂಡೆಯವರಿಗೂ ಆ ದಂಡೆಯವರಿಗೂ ಏನು ಉಳಿಯುತ್ತದೆ?

"ಯಾವೂ ಎಂದೂ ದಾಟಂಗ ಇಲ್ಲೇನು?"

"ಹೊಳಿ ಹುಟ್ಟೂ ಕಡೆ ಸಣ್ಣದಿರ್ತದ, ಅಲ್ಲೆ ದಾಟತಾವ. ಇನ್ನೊಂದು ಮಜಾ ಅದ. ಹೊಳಿ ಸೊಟ್ಟ ಹರೀತಿರ್ತದಲ್ಲ, ಒಮ್ಮೊಮ್ಮೆ ಆ ತಿರುವು ಬಿಟ್ಟು ನೆಟ್ಟಗ ಹರೀತದ. ಆಗ ಈಚೆ ಇದ್ದ ಕಾಡಿನ ತುಂಡು ಆಚೆ ಕಡೆ ಆಗ್ತದ, ಮಂಗ್ಯಾಗಳ ಸಮೇತ. ಅವುಗಳ ಕಾಲು ಸೈತ ತೊಯ್ಯೂದಿಲ್ಲ."

ಕೈ ತೊಳೆದೆ. ಉಂಡಿಗಳನ್ನು ಡಬ್ಬಿಗೆ ತುಂಬಿದೆ. "ರಿಕ್ಷಾ ಕರಿ," ಎಂದೆ.

"ಅಜ್ಜಾ, ಊಟದ ಹೊತ್ತು! ಆರಾಮ ಇದ್ದೀಯಿಲ್ಲೋ?"

ಅನಘಾಳ ಜೊತೆ ವಾಡೆಯ ಕಟ್ಟಿಗೆಯ ಮೆಟ್ಟಿಲು ಹತ್ತಿ ಕರೆದಾಗ, ಕುಸುಮಾ ಗೋಡೆ ಹಿಡಿದು, ಹೆಜ್ಜೆಗೊಮ್ಮೆ ನಿಂತು ಬಾಗಿಲಿಗೆ ಬಂದಳು. ದಡದಡ ಇಳಿಯುತ್ತಿದ್ದ ಆ ಮೊಣಕಾಲುಗಳು! ಅವಳನ್ನು ತಡೆದಿದ್ದು ಯಾವ ಹೊಳೆ ಎಂದು ಆಗ ತಿಳಿಯಿತು.

"ಹೇಳಬಾರದಿತ್ತೇನ ಕುಸುಮಾ?"

"ಹೇಳಿದ್ರ ನೀ ಕರಿಯೂದನ್ನೂ ಬಿಡ್ತಿದ್ದಿ. ವರ್ಷಕ್ಕೊಮ್ಮೆ ತವರಿನವರು ಕರೀತಾರ ಅನ್ನೂದಾದ್ರೂ ಇರಲಿ ಅಂತ ಸುಮ್ಮನಿದ್ದೆ." ಸೆರಗಿನಿಂದ ಕಣ್ಣೊರೆಸಿಕೊಂಡವಳೇ ದನಿ ಏರಿಸಿದಳು. "ಅರೇ, ಪಂಚಮಿಗೆ ಅಣ್ಣ ತಂಗಿ ಮನಿಗೆ ಉಣ್ಣಾಕ ಬರೂದು ಯಾವೂರ ಪದ್ಧತಿ?"

"ಹೊಳಿ ತಿರುವು ಬಿಟ್ಟದ. ನಾ ಏನೂ ದಾಟಿಲ್ಲ, ನಿನ್ನ ತವರುಮನೀನ ಈ ಕಡೆ ಬಂದದ."

ಅವಳಿಗೆ ಏನೂ ತಿಳಿಯಲಿಲ್ಲ. ಅನಘಾ ಜೋರಾಗಿ ನಕ್ಕಳು. ಆ ನಗೆಗೆ ಒಳಕೋಣೆಯಿಂದ ನಿಖಿಲ್ ಹೊರಗೆ ಬಂದ. ಇಬ್ಬರೂ ಒಟ್ಟಿಗೆ ಮರಾಠಿಯಲ್ಲಿ "ತೂ?" ಎಂದರು, ನೀನಾ ಎಂದು. ದಿನವೂ ಒಂದೇ ಕ್ಯಾಂಟೀನಿನಲ್ಲಿ ಚಹಾಕ್ಕೆ ಸಾಲು ನಿಲ್ಲುತ್ತಿದ್ದರಂತೆ, ನಂಟು ಗೊತ್ತಿಲ್ಲದೆ.

ಹೊರಡುವಾಗ ಕುಸುಮಾ ನನ್ನ ಡಬ್ಬಿಯನ್ನು ತನ್ನ ಸಕ್ಕರೆ ಉಂಡಿಯಿಂದ ತುಂಬಿಕೊಟ್ಟಳು, ಮುಚ್ಚಳವಿಲ್ಲದೆ.

"ಮುಚ್ಚಳ?"

"ಇಲ್ಲೇ ಇರಲಿ. ಮುಚ್ಚಳ ಇಲ್ಲದ ಡಬ್ಬಿ ನೋಡಿದ್ರ ನಿನಗ ಕೂಳು ಸೇರೂದಿಲ್ಲ. ಅದನ್ನ ಒಯ್ಯಾಕಂತಾದ್ರೂ ಬರ್ತಿ."

ಆಮೇಲೆ ಹಲವು ಸಲ ಹೋಗಿ ಬಂದಿದ್ದೇನೆ. ಡಬ್ಬಿ ಖಾಲಿಯಾಗಿ ಹೋಗುತ್ತದೆ, ತುಂಬಿ ಬರುತ್ತದೆ. ಮುಚ್ಚಳ ಅವಳ ಒಲೆಯ ಪಕ್ಕದ ಗೂಡಿನಲ್ಲಿ, ನನ್ನ ಕಣ್ಣಿಗೆ ಬೀಳುವ ಹಾಗೆಯೇ ಇರುತ್ತದೆ. ಅವಳು ಕೊಡುವುದಿಲ್ಲ. ನಾನೂ ಕೇಳುವುದಿಲ್ಲ.