ಪಂಪ್‌ಹೌಸಿನಲ್ಲಿ ಆರದ ದೀಪ

ಸಂಜೆ ನಾಲ್ಕೂ ಇಪ್ಪತ್ತಕ್ಕೆ ತೊಟ್ಟಿಗೆ ಬೀಳುತ್ತಿದ್ದ ನೀರು ನಿಂತಿತು. ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡುವುದು ನನ್ನ ಕೆಲಸವಾಗಿತ್ತು, ಗಡಿಯಾರ ಕೈಯಲ್ಲೇ ಇತ್ತು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ, ಯಗಟಿ ಹತ್ತಿರದ ತೆಂಗಿನ ತೋಟ. ನಾನೂ ನನ್ನ ಗೆಳೆಯನೂ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆವು. ನಾನು ತರೀಕೆರೆಯವನು. ತೋಟ ಅವನ ಸೋದರಮಾವನದು. ನಾನೂ ಅವರನ್ನು ಮಾವ ಎಂದೇ ಕರೆಯುತ್ತಿದ್ದೆ.

ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಪಂಪ್‌ಸೆಟ್ಟನ್ನು ಕರಟದ ಇದ್ದಿಲಿನ ಗ್ಯಾಸಿನಿಂದ ಓಡಿಸುವುದು ನಮ್ಮ ಪ್ರಾಜೆಕ್ಟು. ಕಾಲೇಜಿನ ವರ್ಕ್‌ಶಾಪಿನಲ್ಲಿ ಡಾಂಬರಿನ ಡ್ರಮ್ಮು ಕೊಯ್ದು ಒಲೆ ಮಾಡಿ, ಬೀರೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನ ಟಾಪಿನ ಮೇಲೆ ತಂದಿದ್ದೆವು. ಇದ್ದಿಲು ಹೊತ್ತಿಸಿ, ಕೈಯಲ್ಲಿ ತಿರುಗಿಸುವ ಬ್ಲೋವರಿನಿಂದ ಗಾಳಿ ಊದಿದರೆ ಗ್ಯಾಸು ಹುಟ್ಟುತ್ತಿತ್ತು. ತೆಂಗಿನ ನಾರು, ಮರಳು ತುಂಬಿದ ಫಿಲ್ಟರು ದಾಟಿ ಬಂದ ಗ್ಯಾಸಿಗೆ ಹೊಗೆಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಅದೇ ನಮ್ಮ ಹೆಮ್ಮೆ. ಕಾರ್ಬನ್ ಮಾನಾಕ್ಸೈಡ್ ಎಂಬ ಹೆಸರು ನಮಗೆ ಗೊತ್ತಿತ್ತು, ಇಂಜಿನ್ನಿನ ಇಂಧನವೆಂದಷ್ಟೇ. ಕಾಲೇಜಿನಲ್ಲಿ ಎಲ್ಲವನ್ನೂ ಬಯಲಲ್ಲೇ ಮಾಡಿದ್ದೆವು. ಇಲ್ಲಿ ಡ್ರಮ್ಮನ್ನು ಪಂಪ್‌ಹೌಸಿನ ಒಳಗೇ, ಇಂಜಿನ್ನಿನ ಪಕ್ಕ ಇಟ್ಟೆವು.

ಚಾಲೂ ಮಾಡುವ ಮುಂಚೆ ಮಾವ ಪೂಜೆ ಇಟ್ಟುಕೊಂಡರು. ಇಂಜಿನ್ನಿಗೆ ವಿಭೂತಿ ಬಳಿದು, ಪಂಪ್‌ಹೌಸಿನ ಗೂಡಿನಲ್ಲಿ ಎಣ್ಣೆದೀಪ ಹಚ್ಚಿದರು. ಹೊರಗಿನ ಬೀಸುಗಾಳಿಗೆ ಅದು ಎರಡು ಸಲ ಆರಿತು.

“ಮೊದಲ್ನೇ ದಿವ್ಸ ದೀಪ ಆರ್ಬಾರ್ದು ಕಣ್ರಪ್ಪಾ,” ಎಂದು ಕಿಟಕಿ ಮುಚ್ಚಿ, ಬಾಗಿಲನ್ನೂ ಎಳೆದುಕೊಂಡರು.

“ಒಳಗೆ ಗಾಳಿ ಬೇಕಲ್ಲ ಮಾವ,” ಎಂದ ಗೆಳೆಯ.

“ದೀಪ ಉರೀತೈತಲ್ಲೋ! ಬಾವಿ ಹೂಳು ತೆಗಿಯೋವಾಗ ಮೊದ್ಲು ಏನ್ ಇಳಿಸ್ತೀವಿ? ದೀಪ. ಅದು ಉರುದ್ರೆ ಮನ್ಷ ಇಳೀಬೋದು. ನಿಮ್ ಕಾಲೇಜ್ನಾಗೆ ಇಷ್ಟೂ ಹೇಳ್ಕೊಡಲ್ವಾ?”

ನಾವು ನಕ್ಕೆವು. ಆ ಕಡೆ ಹಳೇ ಬಾವಿಗೆ ಇಳಿಯುವವರೆಲ್ಲ ಮಾಡುತ್ತಿದ್ದುದು ಅದನ್ನೇ; ಅದರಿಂದ ಬದುಕಿಕೊಂಡವರೂ ಇದ್ದರು. ಇಂಜಿನ್ ಶುರುವಾದ ಮೇಲೆ ಗೆಳೆಯ ಅದರ ಹತ್ತಿರ ಉಳಿದ. ನಾನೂ ಮಾವನೂ ಬಾಗಿಲೆಳೆದುಕೊಂಡು ತೊಟ್ಟಿಯ ಕಡೆ ನಡೆದೆವು.

ನೀರು ಬಂತು. ಮಾವ ಬೊಗಸೆ ಹಿಡಿದು ಮುಖಕ್ಕೆ ಎರಚಿಕೊಂಡರು. “ಕರಟ ನೀರೆತ್ತುತೈತೆ ಅಂದಿದ್ರೆ ನಮ್ಮಪ್ಪ ನನ್ನ ಕಟ್ಟಾಕಿರೋನು.”

ಆಮೇಲೆ ಆ ನೀರು ನಿಂತುಹೋಯಿತು. ಪಂಪ್‌ಹೌಸಿನಿಂದ ಬ್ಲೋವರಿನ ಗರಗರ ಕೇಳಿಸಿತು. ಮತ್ತೆ ಚಾಲೂ ಮಾಡುತ್ತಿದ್ದಾನೆ ಎಂದುಕೊಂಡು ಕಾದೆವು. ಆ ಸದ್ದು ನಿಧಾನವಾಯಿತು. ನಿಂತಿತು. ಇಂಜಿನ್ ಕೈಕೊಟ್ಟಾಗ ಬೈಯದೆ ಸುಮ್ಮನಿರುವವನಲ್ಲ ಅವನು. ಏನೂ ಕೇಳಿಸಲಿಲ್ಲ. ಓಡಿದೆ.

ಈಗಲೂ ನನಗೆ ಮೊದಲು ಕಾಣುವುದು ಆ ದೀಪ. ಅಲುಗದೆ ನೆಟ್ಟಗೆ ಉರಿಯುತ್ತಿತ್ತು. ಅದರ ಕೆಳಗೆ ಅವನು ಗೋಡೆಗೊರಗಿ ಕೂತಿದ್ದ, ಒಂದು ಕೈ ಬ್ಲೋವರಿನ ಹಿಡಿಯ ಮೇಲೆ. ಮುಖ ಕೆಂಪಗೆ, ಆಗತಾನೆ ಬಿಸಿನೀರು ಹುಯ್ದುಕೊಂಡು ಬಂದವನ ಹಾಗೆ. ಗ್ಯಾಸು ಸೋರದಿರಲೆಂದು ಡ್ರಮ್ಮಿನ ಮುಚ್ಚಳದ ಸುತ್ತ ಮೆತ್ತಿದ್ದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಇಂಜಿನ್ ಎಳೆದುಕೊಳ್ಳುತ್ತಿದ್ದಷ್ಟು ಹೊತ್ತು ಹೊರಗೆ ಬಾರದ ಗ್ಯಾಸು, ಅವನು ಊದತೊಡಗಿದ ಮೇಲೆ ಕೋಣೆಗೆ ನುಗ್ಗಿತ್ತು. ಬಾವಿಯ ಕೆಟ್ಟ ಗಾಳಿ ದೀಪವನ್ನೂ ಆರಿಸುತ್ತದೆ. ಇದು ದೀಪದ ತಂಟೆಗೆ ಹೋಗಿರಲಿಲ್ಲ.

ಮಾವ ತೋಳು, ನಾನು ಕಾಲು ಹಿಡಿದು ಅವನನ್ನು ಬಯಲಿಗೆ ತಂದೆವು. ರಸ್ತೆಯಲ್ಲಿ ಸಿಕ್ಕ ತೆಂಗಿನಕಾಯಿ ಲಾರಿಯಲ್ಲಿ ಕಡೂರಿಗೆ ಹೋದೆವು. “ಏನು ಸುಟ್ರಿ?” ಎಂದರು ಡಾಕ್ಟರು. ಇದ್ದಿಲು ಎಂದ ತಕ್ಷಣ ಆಕ್ಸಿಜನ್ ಹಾಕಿಸಿದರು. “ಜೀವ ಉಳಿಯುತ್ತೆ. ತಲೆ ಹೇಗಿರುತ್ತೋ, ಎದ್ದಮೇಲೆ ನೋಡ್ಬೇಕು.”

ಮರುದಿನ ಎದ್ದ. “ನೀರು ಬಂತೇನೋ?” ಎಂದ. ಬಂತು ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ, “ನೀರು ಬಂತೇನೋ?” ಹೇಳಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮಾವನ ಮನೆಗೆ ಕರೆತಂದ ಮೇಲೂ ಅದೇ. ಎಂಥ ಲೆಕ್ಕವನ್ನೂ ಬಾಯಲ್ಲೇ ಬಿಡಿಸುತ್ತಿದ್ದವನು. ಕೊನೆಯ ಪರೀಕ್ಷೆ ಹತ್ತಿರವಿತ್ತು, ಯಾರೂ ಅದರ ಮಾತೆತ್ತಲಿಲ್ಲ. ದೇವರ ಮುಂದೆ ದೀಪ ಹಚ್ಚುವುದನ್ನು ಮಾವ ಹೆಂಡತಿಗೆ ಬಿಟ್ಟುಕೊಟ್ಟಿದ್ದರು. ಜಗಲಿಯಲ್ಲಿ ನಾನು ಅವನ ಪಕ್ಕದಲ್ಲೇ ಮಲಗುತ್ತಿದ್ದೆ. ರಾತ್ರಿ ಎದ್ದು ಅವನು ನೀರಿನದೇ ಕೇಳುತ್ತಿದ್ದ. ಕೇಳದಿದ್ದರೆ ನಾನೇ ಎದ್ದು ಅವನ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ.

ಒಂದು ದಿನ ನಾನೂ ಮಾವನೂ ಡ್ರಮ್ಮನ್ನು ಹೊರಗೆಳೆದು, ಇನ್ನು ಬಯಲಲ್ಲೇ ಹೊತ್ತಿಸೋಣವೆಂದು ಹುಣಸೆಮರದ ಕೆಳಗಿಟ್ಟೆವು. ಬಿರುಕು ಬಿಟ್ಟಿದ್ದ ಮಣ್ಣಿನ ವಿಷಯ ಹಿಂದಿನ ದಿನ ಗೆಳೆಯನಿಗೆ ಹೇಳಿದ್ದೆ. ಅವನು ದೂರದಲ್ಲಿ ಕೂತು ನೋಡುತ್ತಿದ್ದ. ನಾನು ಮುಚ್ಚಳಕ್ಕೆ ಮಣ್ಣು ಕಲಸಲು ಹೋದೆ.

“ಲೇ, ಮಣ್ಣು ಮೆತ್ತಬೇಡ್ವೋ. ಬಿರುಕು ಬಿಡ್ತು ಅಂತ ನಿನ್ನೆ ನೀನೇ ಹೇಳಿದ್ಯಲ್ಲ. ಸುತ್ತ ಕಾಲುವೆ ಥರ ಮಾಡಿ ನೀರು ನಿಲ್ಲಿಸು. ನೀರು ದಾಟಿ ಗ್ಯಾಸು ಬರಲ್ಲ.”

ಮಾವ ಸ್ಪ್ಯಾನರ್ ಹಿಡಿದುಕೊಂಡೇ ನಿಂತರು. ಅವನ ಪ್ರಶ್ನೆಯನ್ನೇ ನಾನು ಅವನಿಗೆ ಕೇಳಿದೆ, “ನೀರು ಬಂತೇನೋ?”

“ನೀರು ಅವತ್ತೇ ಬಂತಲ್ಲೋ. ನೂರು ಸಲ ಹೇಳಿದ್ದೀಯ.”

“ಅಯ್ಯೋ ಶಿವ್ನೇ,” ಎಂದು ಮಾವ ಅಲ್ಲೇ ಕುಸಿದು ಕೂತರು.

ಅವತ್ತು ರಾತ್ರಿ ಅವನು ಏನೂ ಕೇಳಲಿಲ್ಲ. ನನಗೂ ಎಚ್ಚರವಾಗಲಿಲ್ಲ. ಕಣ್ಣುಬಿಟ್ಟಾಗ ಜಗಲಿಗೆಲ್ಲ ಬಿಸಿಲು ಬಂದಿತ್ತು, ಪಕ್ಕದ ಚಾಪೆ ಖಾಲಿ. ತಲೆಯೆತ್ತಿ ಅತ್ತಿತ್ತ ನೋಡಿದೆ. ಅವನು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ.

“ಏಳೋ ಕುಂಭಕರ್ಣ,” ಎಂದ. “ಮಾವ ಎರಡು ಸಲ ಬಂದು ನಿನ್ನ ಮೂಗಿನ್ಹತ್ರ ಬೆರಳಿಟ್ಟು ನೋಡ್ಕೊಂಡ್ಹೋದ್ರು.”